ಸೌದೆಕೊಟ್ಟಿಗೆಗೆ ಯಾರೂ ಬರಲಿಲ್ಲ

ಪೊಡಿನೋನಾಳನ್ನು ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ತಿನ್ನಿಸಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಕೇಳಿದ್ದು ತಿನ್ನಿಸಿ ಎಂದರೆ ಏನರ್ಥವೆಂದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಮುದುಕಿಗೂ ಗೊತ್ತಿತ್ತು. ಆಟೋದಿಂದ ಮಗನ ತೋಳು ಹಿಡಿದು ಇಳಿಯುತ್ತಲೇ ಬೇಲಿಯ ಈಚೆ ನಿಂತಿದ್ದ ನನ್ನನ್ನು ನೋಡಿ ಕೂಗಿದಳು.

"ಕುಸುಮಾ, ನನ್ನ ಏಳನೇ ದಿನದ ದಾನಕ್ಕೆ ಜೀಗುಜ್ಜೆ ಪಲ್ಯ ನೀನೇ ಮಾಡ್ಬೇಕು ಕಣೇ. ನಮ್ಮ ಸೊಸೆ ಕೈಗೆ ಕೊಟ್ರೆ ವಿಹಾರದ ಹಾಮುದುರುಗಳು ಊಟದ ಅರ್ಧಕ್ಕೇ ಎದ್ದು ಹೋಗ್ತಾರೆ."

"ಬಾಯಿ ಮುಚ್ಚಮ್ಮ," ಎಂದ ಮಗ ಕರುಣಾಸೇನ. ಸೊಸೆ ಮಲ್ಕಾಂತಿ ಮಾತ್ರ ನಕ್ಕಳು, ನಗುತ್ತಲೇ ಸೆರಗಿಲ್ಲದ ಗೌನಿನ ತೋಳಿಗೆ ಕಣ್ಣು ಒರೆಸಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಮೊಮ್ಮಗಳು ಸೆನುಲಿ ಶಾಲೆಯ ಬಿಳಿ ಫ್ರಾಕಿನಲ್ಲೇ ಓಡಿಬಂದು ಅಜ್ಜಿಯ ಸೊಂಟಕ್ಕೆ ಜೋತುಬಿದ್ದಳು. ಮುದುಕಿ ಬೀಳುವುದೊಂದು ಬಾಕಿ.

"ಅಚ್ಚೀ, ನೀನಿಲ್ದೆ ನಂಗೆ ಬೆನ್ನು ಕೆರೆಯೋರೇ ಇಲ್ಲ!"

"ಅದಕ್ಕೇ ಬಂದೆ ಕೂಸೇ. ಡಾಕ್ಟ್ರಿಗೆ ಹೇಳ್ದೆ, ನಮ್ಮನೇಲಿ ಒಂದು ಬೆನ್ನು ಕಾಯ್ತಾ ಇದೆ, ಬಿಡಪ್ಪ ಅಂತ."

ಅದು ಗಾಲೆ ಪಟ್ಟಣದ ಈಚೆ, ಹೊಳೆ ಸಮುದ್ರ ಸೇರುವ ಕಡೆ ಇರುವ ಓಣಿ. ಪೊಡಿನೋನಾಳ ಒತ್ತು ಶಾವಿಗೆ ತಿನ್ನದೆ ಬೆಳೆದವರು ನಮ್ಮಲ್ಲಿ ಇಲ್ಲ. ಗಂಡ ಕರೋಲಿಸ್ ಸತ್ತ ಮೇಲೆ ಆ ಶಾವಿಗೆ ಮಾರಿಯೇ ಮಗಳು ಯಸವತಿಯನ್ನು ಟೀಚರ್ ಮಾಡಿದಳು, ಮಗನನ್ನು ಬಸ್ ನಿಲ್ದಾಣದಲ್ಲಿ ವೇಳೆ ಬರೆಯುವ ಕೆಲಸಕ್ಕೆ ಹಚ್ಚಿದಳು. ಸೆನುಲಿ ಮೊಲೆ ಬಿಟ್ಟ ದಿನದಿಂದ ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದಳು. ಬೆಳಗಿನ ಜಾವ ಇಬ್ಬರೂ ಒಟ್ಟಿಗೆ ಏಳುವರು. ಮಗು ಬೆತ್ತದ ಪುಟ್ಟ ತಟ್ಟೆಗಳನ್ನು ಸಾಲಾಗಿ ಜೋಡಿಸಬೇಕು, ಅಜ್ಜಿ ಅದರ ಮೇಲೆ ಶಾವಿಗೆ ಒತ್ತಬೇಕು. ಒಂದು ತಟ್ಟೆ ಓರೆಯಾದರೂ "ನಿಮ್ಮಪ್ಪನ ಹಾಗೇ ಸೊಟ್ಟ" ಎಂದು ಬೈಗುಳ. ಮಗುವಿಗೆ ಆ ಬೈಗುಳ ಕೇಳದಿದ್ದರೆ ಬೆಳಗಾದ ಹಾಗೇ ಅಲ್ಲ.

ಮುದುಕಿ ಮನೆಗೆ ಬಂದ ವಾರದಲ್ಲಿ ಪೋಯ ಬಂತು. ಯಸವತಿ ಟೀಚರ್ ಪ್ರತಿ ಹುಣ್ಣಿಮೆಯಂತೆ ಬಿಳಿ ಬಟ್ಟೆ ಉಟ್ಟು, ಎಂಟು ಶೀಲದ ವ್ರತ ಹಿಡಿದು, ಇಡೀ ದಿನ ವಿಹಾರದಲ್ಲಿ ಕೂತು ಬಂದರು. ಮದುವೆಯಾಗದ ಹೆಂಗಸು, ನಿವೃತ್ತಿಯಾಗಿ ಕೆಲವು ವರ್ಷವಾಗಿತ್ತು. ಆ ಮನೆಯಲ್ಲಿ ಕೊನೆಯ ಮಾತು ಅವರದೇ. ಕರುಣಾಸೇನ ಮದುವೆಯಾದ ಹೊಸದರಲ್ಲಿ ಮಲ್ಕಾಂತಿ ಒಂದೆರಡು ಸಲ ಎದುರಾಡಿ ನೋಡಿ, ಆಮೇಲೆ ಸುಮ್ಮನಾಗಿದ್ದಳು. ಯಸವತಿ ಟೀಚರ್ ಸಂಜೆ ಬಂದವರೇ ಕೈಕಾಲು ತೊಳೆದು, ಒಂದು ಬಿಳಿ ಬೆಡ್‌ಶೀಟ್ ತಂದು, ತಾಯಿಯ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕಟ್ಟತೊಡಗಿದರು.

"ಅದೇನೇ ಅದು?" ಎಂದು ಮುದುಕಿ ಮಲಗಿದಲ್ಲಿಂದಲೇ ಕೇಳಿದಳು.

"ಪರದೆ ಅಮ್ಮ."

"ಪರದೆ ಅಂತ ಕಣ್ಣಿಗೆ ಕಾಣ್ತದೆ. ಯಾಕೆ ಅಂತ."

"ನಿನ್ನ ಮನಸ್ಸು ಒಳಗೇ ಇರ್ಲಿ ಅಂತ."

"ನನ್ನ ಮನಸ್ಸು ಅಡಿಗೆಮನೇಲಿದೆ. ಮಲ್ಕಾಂತಿ ಮೀನು ಹುಳಿಗೆ ಉಪ್ಪು ಹಾಕೋದು ಮರೆತಿದ್ದಾಳೆ, ವಾಸನೇಲೇ ಗೊತ್ತಾಗ್ತದೆ."

ಊಟಕ್ಕೆ ಕೂತಾಗ ಟೀಚರ್ ತೀರ್ಪು ಹೇಳಿದರು. ನಾನು ಕಾಯಿ ಸಂಬೋಲದ ಚಟ್ನಿ ಕೊಡಲು ಹೋದವಳು ಅಡಿಗೆಮನೆಯ ಹೊಸ್ತಿಲಲ್ಲೇ ನಿಂತಿದ್ದೆ.

"ಇವತ್ತಿಂದ ಸೆನುಲಿ ಅಮ್ಮನ ಕೋಣೆಗೆ ಹೋಗೋ ಹಾಗಿಲ್ಲ. ನನ್ನ ಜೊತೆ ನಡುಮನೇಲಿ ಮಲಗ್ತಾಳೆ."

ಮಲ್ಕಾಂತಿ ಅನ್ನದ ಸೌಟು ಹಿಡಿದುಕೊಂಡೇ ತಿರುಗಿದಳು. "ಯಾಕಕ್ಕ? ಅದೇನು ಅಂಟುರೋಗ ಅಲ್ವಂತೆ. ಡಾಕ್ಟ್ರೇ ಹೇಳಿದ್ರು."

"ರೋಗದ ಅಂಟಲ್ಲ ನಾನು ಹೇಳ್ತಿರೋದು. ಸಾಯೋ ಹೊತ್ತಲ್ಲಿ ಮನಸ್ಸಲ್ಲಿ ಏನಿರುತ್ತೋ ಮುಂದಿನ ಹುಟ್ಟು ಅದರ ಹಿಂದೇ ಹೋಗುತ್ತೆ. ಅಮ್ಮನ ಕೊನೇ ಯೋಚನೆ ಈ ಮಗು ಆಗಬಾರದು. ಆದ್ರೆ ಈ ಮನೆ ಸುತ್ತಲೇ ಸುಳೀತಾಳೆ. ನಾಯಿಯೋ, ಹಲ್ಲಿಯೋ, ಇನ್ನೊಂದೋ."

"ಎಷ್ಟು ದಿನ ಇರ್ತಾರೆ ಅಂತ ಅಕ್ಕ? ಇರೋಷ್ಟು ದಿನ ಆ ಮಗೂನ ನೋಡ್ಕೊಂಡು..."

"ನೋಡ್ಕೊಂಡು ಏನು? ಸಂಸಾರದಲ್ಲಿ ಇನ್ನೂ ಆಳಕ್ಕೆ ಇಳೀಲಿ ಅಂತಾನಾ? ನಿಂಗೆ ಅತ್ತೆ. ನಂಗೆ ತಾಯಿ."

ಮಲ್ಕಾಂತಿ ಗಂಡನ ಮುಖ ನೋಡಿದಳು. ಕರುಣಾಸೇನ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ನೀಟಾಗಿ ಸಾಲಿಟ್ಟ. ಬಸ್ಸುಗಳು ಬಂದು ಹೋಗುವುದನ್ನು ನೋಡಿಕೊಂಡು ಕೂರುವ ಕೆಲಸವೇ ಅವನಿಗೆ ಸರಿ, ಯಾವುದನ್ನೂ ತಡೆಯಬೇಕಾಗಿಲ್ಲ. "ಅಕ್ಕ ಹೇಳಿದ್ಮೇಲೆ ಆಯ್ತಲ್ಲ," ಎಂದ.

ಯಸವತಿ ಟೀಚರ್ ದುಷ್ಟ ಹೆಂಗಸಲ್ಲ. ಈ ಮಾತನ್ನು ನಾನು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೇನೆ. ಅವರ ಹೆದರಿಕೆಗೆ ಕಾರಣವಿತ್ತು. ಅವರ ಅಪ್ಪ ಕರೋಲಿಸನಿಗೆ ಸೌದೆಯ ಹುಚ್ಚು. ದಾಲ್ಚಿನ್ನಿ ತೋಟಗಳಿಂದ ಚಕ್ಕೆ ಸುಲಿದ ಕೋಲುಗಳನ್ನು ತಂದು, ಒಂದೇ ಅಳತೆಗೆ ಕಡಿದು, ಹಿತ್ತಲ ಕೊಟ್ಟಿಗೆಯಲ್ಲಿ ಗೋಡೆ ಕಟ್ಟಿದ ಹಾಗೆ ಒಟ್ಟುತ್ತಿದ್ದ. ಅದರಿಂದ ಒಂದು ಕೋಲು ಕೇಳಿದರೆ ಹೆಂಡತಿಗೂ ಬೈಯುತ್ತಿದ್ದ. ಅವನು ಸತ್ತು ಮೂರು ತಿಂಗಳ ದಾನ ಮುಗಿಯುವ ಮೊದಲೇ ಆ ಸೌದೆಯೊಳಗೆ ಒಂದು ಕೇರೆಹಾವು ಬಂದು ಸೇರಿತು. ಓಣಿಗೆ ಓಣಿಯೇ ಹೇಳಿತು, ಇದು ಕರೋಲಿಸನೇ, ಸೌದೆ ಬಿಟ್ಟುಹೋಗಲಾರದೆ ಬಂದಿದ್ದಾನೆ ಎಂದು. ಪೊಡಿನೋನಾ ಅದನ್ನು ಪೂರ್ತಿ ನಂಬಿದಳು. ದಿನವೂ ಒಂದು ಮೊಟ್ಟೆ ಇಟ್ಟು, "ಇನ್ನೂ ಎಣಿಸ್ತಾ ಇದ್ದೀರಾ? ತಿನ್ನಿ, ತಿಂದು ಒಳ್ಳೇ ಕಡೆ ಹೋಗಿ," ಎಂದು ಗದರಿಸುತ್ತಿದ್ದಳು. ಕೊನೆಗೆ ಯಾವನೋ ತೋಟದ ಕೂಲಿಯವನು ಅದನ್ನು ಕತ್ತಿಯಲ್ಲಿ ಕಡಿದ. ಪೊಡಿನೋನಾ ಎರಡನೇ ಸಲ ವಿಧವೆಯಾದವಳಂತೆ ಅತ್ತಳು. ಯಸವತಿ ಆಗ ಶಾಲೆಯ ಹುಡುಗಿ. ತರಗತಿಯ ಹುಡುಗಿಯರು, "ನಿಮ್ಮಪ್ಪ ಇವತ್ತು ಇಲಿ ತಿಂದ್ರಾ?" ಎಂದು ಕೇಳುತ್ತಿದ್ದರು. ಕಡಿದುಹಾಕಿದ ಹಾವನ್ನು ಅವಳೂ ನೋಡಿದ್ದಳು. ಅಪ್ಪನನ್ನು ಎರಡು ತುಂಡಾಗಿ ನೋಡಿದ ಮಗು ಅದು. ತಾಯಿಗೆ ಹಾಗಾಗಬಾರದು ಎಂದು ಅಂದೇ ನಿರ್ಧರಿಸಿರಬೇಕು.

ಮೊದಲ ಕೆಲವು ದಿನ ವಸ್ತುಗಳ ಸರದಿ. ನಮ್ಮಲ್ಲಿ ಕಾಯಿಲೆಯವರ ಹೆಸರಿನಲ್ಲಿ ದಾನ ಕೊಡುವಾಗ ಅದನ್ನು ಅವರ ಕೈಗೆ ಮುಟ್ಟಿಸಿ ಕೊಡುತ್ತಾರೆ. ಟೀಚರ್ ತಟ್ಟೆಯಲ್ಲಿ ಒಂದೊಂದೇ ವಸ್ತು ತಂದು ತಾಯಿಯ ಅಂಗೈ ಅದರ ಮೇಲಿಟ್ಟು, ವಿಹಾರಕ್ಕೋ ಬಡವರಿಗೋ ಕೊಟ್ಟುಬಿಟ್ಟರು. ಎಲೆಅಡಿಕೆ ಕುಟ್ಟುವ ಕಂಚಿನ ಒರಳು ಹೋಯಿತು. ಹಬ್ಬಕ್ಕೆ ಉಡುವ ಕಸೂತಿ ರವಿಕೆ ಹೋಯಿತು. ಕಿವಿಯ ಕಲ್ಲಿನ ಓಲೆ ಬಿಚ್ಚಿದಾಗ ಮಲ್ಕಾಂತಿ, "ಸತ್ತ ಮೇಲೆ ತೆಗೆದ್ರಾಗಲ್ವಾ ಅಕ್ಕ," ಎಂದಳು. ಪೊಡಿನೋನಾ ಮಾತ್ರ ತಾನೇ ತಲೆ ವಾಲಿಸಿ ಕೊಟ್ಟಳು.

"ತಗೋ, ತಗೋ. ಕಿವಿಗೂ ಹಗುರ ಆಯ್ತು. ಇನ್ನೇನು ಉಳೀತು? ಶಾವಿಗೆ ಒತ್ತೋ ಮಣೆನೂ ತಾ, ಮುಟ್ಟಿಕೊಡ್ತೀನಿ."

"ಅದೂ ಬಿಟ್ಟೆಯಾ ಅಮ್ಮ?"

"ಬಿಟ್ಟೆ. ಮನೆ ಬಿಟ್ಟೆ, ಬಾವಿ ಬಿಟ್ಟೆ, ನಿಮ್ಮಪ್ಪನ್ನಂತೂ ಅವತ್ತೇ ಬಿಟ್ಟೆ. ನಿನ್ನನ್ನೂ ಬಿಟ್ಟೆ ಹೋಗು. ಈಗ ಕೂಸನ್ನ ಕಳಿಸು. ಒಂದ್ಸಲ ಬೆನ್ನು ಕೆರೆದು ಅದನ್ನೂ ಬಿಡ್ತೀನಿ."

"ಅದನ್ನೇ ಅಮ್ಮ ಬಿಡ್ಬೇಕಾಗಿರೋದು. ಬೇರೆ ಎಲ್ಲ ಬಿಟ್ಟು ಅದೊಂದನ್ನ ಹಿಡ್ಕೊಂಡ್ರೆ ಏನೂ ಬಿಟ್ಟ ಹಾಗಲ್ಲ."

"ನೋಡದೆ ಬಿಡಕ್ಕಾಗಲ್ಲ ಕಣೇ."

"ನೋಡಿದ್ರೆ ಬಿಡಕ್ಕಾಗಲ್ಲ."

ದಿನಾ ಬೆಳಿಗ್ಗೆ ಸೊಪ್ಪಿನ ಗಂಜಿ ಕುಡಿಸಿದ ಮೇಲೆ ಟೀಚರ್ ಚಾಪೆ ಹಾಕಿ ಕೂತು ದೇಹದ ಮೂವತ್ತೆರಡು ಭಾಗಗಳನ್ನು ಪಾಠ ಒಪ್ಪಿಸುವಂತೆ ತಾಯಿಗೆ ಹೇಳಿಸುತ್ತಿದ್ದರು. ಕೂದಲು, ರೋಮ, ಉಗುರು, ಹಲ್ಲು, ಚರ್ಮ. ನಾನು ಮೈ ಒರೆಸಲು ಹೋಗುತ್ತಿದ್ದೆ, ಹೀಗಾಗಿ ಎಲ್ಲ ಕೇಳಿಸುತ್ತಿತ್ತು.

"ಇದರಲ್ಲಿ ಪೊಡಿನೋನಾ ಅನ್ನೋಳು ಎಲ್ಲಿದಾಳೆ ಅಮ್ಮ? ಕೂದಲಲ್ಲಾ? ಉಗುರಲ್ಲಾ? ಎಲ್ಲೂ ಇಲ್ಲ. ಅನತ್ತ ಅಂದ್ರೆ ಇದೇ. ನಾನು ಅನ್ನೋಳೇ ಇಲ್ಲ, ನನ್ನದು ಅನ್ನೋದೂ ಇಲ್ಲ."

"ಹಾಗಾದ್ರೆ ಹೊಟ್ಟೆ ನೋಯ್ತಿರೋದು ಯಾರಿಗೆ? ಕುಸುಮಂಗಾ?"

"ನೋವು ಇದೆ. ನೋಯೋಳು ಇಲ್ಲ."

"ಆಹಾ! ನಿಂಗೆ ಮೂಲವ್ಯಾಧಿ ಆದಾಗ ಓಣಿಗೆಲ್ಲ ಕೇಳೋ ಹಾಗೆ ಕೂಗಿದ್ದು ಯಾರು ಹಾಗಾದ್ರೆ?"

ನಾನು ಒದ್ದೆ ಬಟ್ಟೆ ಬಾಯಿಗೆ ಅಡ್ಡ ಹಿಡಿದೆ. ಟೀಚರ್ ನಗಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. "ತಮಾಷೆ ಮಾಡ್ಬೇಡಮ್ಮ. ನಿನ್ನ ಹೊತ್ತು ಹತ್ತಿರ ಬಂತು. ನಾನು ನಿನ್ನ ಕೈಬಿಡಕ್ಕಾಗಲ್ಲ."

"ಅದೇ ನಾನೂ ಹೇಳೋದು. ಬಿಡೋದು ನಿಂಗೇ ಬರಲ್ಲ, ನಂಗೆ ಕಲಿಸ್ತೀಯ."

ಟೀಚರ್ ಎದ್ದು ಹೋದರು. ಮುದುಕಿ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು. "ಕುಸುಮಾ, ಕೂಸಿಗೆ ಬೆವರುಸಾಲೆ ಎದ್ದಿದೆಯಾ? ಈ ಸೆಕೆಗೆ ಎದ್ದೇ ಇರ್ತದೆ. ಮಲ್ಕಾಂತಿ ಉಗುರಲ್ಲಿ ಕೆರೀತಾಳೆ, ಗಾಯ ಆಗ್ತದೆ. ಬೆರಳ ತುದೀಲಿ ಕೆರೀಬೇಕು ಅಂತ ಹೇಳು."

ಪರದೆ ಕಣ್ಣನ್ನು ತಡೆದರೂ ಕಿವಿಯನ್ನು ತಡೆಯಲಿಲ್ಲ. ಸಂಜೆ ನಡುಮನೆಯಲ್ಲಿ ಸೆನುಲಿ ಮಗ್ಗಿ ಓದುವಳು. ಒಳಗಿನಿಂದ ಮುದುಕಿ, "ಏಳೆಂಟಲ ಎಷ್ಟು ಅಂದೆ? ಶಾವಿಗೆ ಮಾರೋಳಿಗೆ ಮೋಸ ಮಾಡ್ತೀಯಾ?" ಎನ್ನುವಳು. ಮಗು ಕಿಲಕಿಲ ನಗುವಳು. ಎರಡು ದಿನ ಅದೂ ನಡೆಯಿತು. ಮೂರನೇ ದಿನದಿಂದ ಟೀಚರ್ ಮಗುವನ್ನು ಹಿತ್ತಲಲ್ಲಿ ಕೂರಿಸಿ ಓದಿಸತೊಡಗಿದರು. ಒಳಗಿನಿಂದ ಮುದುಕಿ ಕೆಮ್ಮಿ, ಕಾದು, ಮತ್ತೆ ಕೆಮ್ಮಿ, ಕೊನೆಗೆ, "ಮಲ್ಕಾಂತಿ, ಇವತ್ತು ಶಾಲೆಗೆ ರಜವಾ?" ಎಂದು ಕೇಳಿದಳು.

ಮಲ್ಕಾಂತಿಗೆ ಅದನ್ನು ತಡೆಯಲಾಗಲಿಲ್ಲ. ಮರುದಿನ ಟೀಚರ್ ಕೊಡೆ ಹಿಡಿದು ವಿಹಾರಕ್ಕೆ ಹೊರಟಿದ್ದೇ ತಡ, ಗಂಜಿಯ ಬಟ್ಟಲನ್ನು ಮಗಳ ಕೈಗೆ ಕೊಟ್ಟಳು. "ಹೋಗು. ಅಚ್ಚಿಗೆ ಕುಡಿಸಿ ಬಾ. ಓಡ್ಬೇಡ, ಚೆಲ್ತೀಯ." ಸೆನುಲಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಹೆಜ್ಜೆ ಎಣಿಸುತ್ತ ಹೋದಳು. ಪರದೆ ಸರಿಸಲು ಕೈ ಬಿಡುವಿಲ್ಲದೆ ಮೊದಲು ಮೊಣಕೈ ತೂರಿಸಿದಳು. ಅಷ್ಟರಲ್ಲಿ, ಹೂವಿನ ತಟ್ಟೆ ಮರೆತು ವಾಪಸ್ಸು ಬಂದ ಟೀಚರ್ ಹಿಂದಿನಿಂದ ಅವಳ ಭುಜ ಹಿಡಿದು ಎಳೆದರು. ಬಟ್ಟಲು ಬಿದ್ದು ಹಸಿರು ಗಂಜಿ ಬಿಳಿ ಪರದೆಯ ತುಂಬ ಹರಿಯಿತು.

"ಕೂಸಾ? ಕೂಸು ಬಂತಾ?" ಒಳಗಿನಿಂದ ಮುದುಕಿ ಏಳಲು ಒದ್ದಾಡುವುದು ಕೇಳಿಸಿತು. "ಕೈ ಕಂಡ್ತು! ಬಾ, ಬಾ ಒಳಗೆ!"

"ಯಾರೂ ಇಲ್ಲಮ್ಮ. ಬೆಕ್ಕು," ಎಂದರು ಟೀಚರ್.

ಎಂಟು ಶೀಲ ಹಿಡಿಯುವ ಹೆಂಗಸು ಹೇಳಿದ ಸುಳ್ಳು ಇದು. ಆಮೇಲೆ ಅಡಿಗೆಮನೆಯಲ್ಲಿ ನಡೆದ ಜಗಳ ನಮ್ಮನೆಯ ಪಾತ್ರೆಗಳಿಗೂ ಕೇಳಿಸಿರಬೇಕು.

"ನೀವು ಮನುಷ್ಯರಾ ಅಕ್ಕ? ಹೆತ್ತಿದ್ರೆ ಗೊತ್ತಾಗ್ತಿತ್ತು!"

"ಹೆರದೇ ಇದ್ದಿದ್ದಕ್ಕೇ ಗೊತ್ತಾಗಿದ್ದು. ನೀನು ಅಮ್ಮನ್ನ ನಾಯಿ ಮಾಡಕ್ಕೆ ಹೊರಟಿದ್ದೀಯ, ನಾನು ದೇವಲೋಕಕ್ಕೆ ಕಳಿಸ್ಬೇಕು ಅಂತ ಕೂತಿದ್ದೀನಿ."

"ದೇವಲೋಕ ಯಾರು ನೋಡಿದಾರೆ? ಇಲ್ಲಿ ಜೀವ ಒದ್ದಾಡೋದು ಕಣ್ಣಿಗೆ ಕಾಣ್ತಿದೆ."

"ನಮ್ಮಪ್ಪನ್ನ ಯಾರು ನೋಡಿದಾರೆ ಅಂತ ಕೇಳು, ನಾನು ಹೇಳ್ತೀನಿ!"

ಕರುಣಾಸೇನ ಹಿತ್ತಲಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ. "ನಂಗೆ ಡ್ಯೂಟಿಗೆ ಹೊತ್ತಾಯ್ತು," ಎಂದು ಆ ಸೋಪಿನ ಮುಖದಲ್ಲೇ ಹೇಳಿದ.

ಅದೇ ಸಂಜೆ ಟೀಚರ್ ಸೆನುಲಿಯನ್ನು ಸೌದೆಕೊಟ್ಟಿಗೆಗೆ ಕರೆದುಕೊಂಡು ಹೋದರು. ಆ ಕೊಟ್ಟಿಗೆ ಇರುವುದು ನಮ್ಮ ಬಾವಿಕಟ್ಟೆಗೆ ತಾಗಿಕೊಂಡು, ನಡುವೆ ಬರೀ ತೆಂಗಿನ ಗರಿಯ ಬೇಲಿ. ನಾನು ಬಿಂದಿಗೆ ಇಳಿಸಿ ನಿಂತೆ.

"ಇಲ್ಲಿ ನಿಮ್ಮ ಸೀಯ ಹಾವಾಗಿದ್ರು. ಗೊತ್ತಾ? ನಮ್ಮಪ್ಪ."

"ಅಚ್ಚಿ ಹೇಳಿದಾಳೆ. ಮೊಟ್ಟೆ ತಿಂತಿದ್ರಂತೆ." ಮಗುವಿನ ದನಿಯಲ್ಲಿ ಇನ್ನೂ ನಗುವಿತ್ತು.

"ಕೊನೇಲಿ ಏನಾಯ್ತು ಅಂತ ಹೇಳಿಲ್ಲ ಅವಳು. ಕತ್ತೀಲಿ ಕಡಿದ್ರು. ಇಲ್ಲೇ. ತಲೆ ಅಲ್ಲಿ ಬಿತ್ತು, ಬಾಲ ಇಲ್ಲಿ. ಬಾಲ ತುಂಬ ಹೊತ್ತು ಅಲ್ಲಾಡ್ತಿತ್ತು."

ಮಗು ಒಂದು ಹೆಜ್ಜೆ ಹಿಂದೆ ಸರಿದದ್ದು ಕೇಳಿಸಿತು.

"ಸೌದೆ ಮೇಲೆ ಆಸೆ ಇತ್ತು, ಸೌದೇಲಿ ಹುಟ್ಟಿದ್ರು. ಅಚ್ಚಿಗೆ ಯಾರ ಮೇಲೆ ಆಸೆ ಇದೆ?"

"ನನ್ನ ಮೇಲೆ."

"ಹಾಗಾದ್ರೆ ಅಚ್ಚಿ ಎಲ್ಲಿ ಹುಟ್ತಾಳೆ? ನಿನ್ನ ಕಾಲ ಹತ್ರ. ಹೊಟ್ಟೆ ಮೇಲೆ ತೆವಳ್ಕೊಂಡು. ಯಾರಾದ್ರೂ ಕಡೀತಾರೆ. ಅಚ್ಚಿಗೆ ಹಾಗಾಗ್ಬೇಕಾ?"

"ಬೇಡ."

"ಯಾರ ಕೈಯಲ್ಲಿದೆ ಅದು?"

ಮಗು ಹೇಳಿತು. "ನನ್ನ ಕೈಯಲ್ಲಿ."

ನಾನು ಬೇಲಿ ಹಾರಿ ಹೋಗಿ ಟೀಚರ ಜುಟ್ಟು ಹಿಡಿದು ಎಳೆಯಬೇಕಿತ್ತು ಎಂದು ಈಗ ಎಷ್ಟು ಸಲ ಅನ್ನಿಸಿದೆಯೋ. ಅವರು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ, ಪ್ರತಿಯೊಂದನ್ನೂ ನಂಬಿ ಹೇಳಿದರು. ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ಅವತ್ತಿನಿಂದ ಸೆನುಲಿ ಅಜ್ಜಿಯನ್ನು ಕೇಳುವುದನ್ನು ಬಿಟ್ಟಳು. ಮಲ್ಕಾಂತಿ ಇನ್ನೊಮ್ಮೆ ಗಂಜಿಯ ಬಟ್ಟಲು ಕೊಡಹೋದರೆ ಕೈ ಹಿಂದೆ ಕಟ್ಟಿಕೊಂಡು, "ನಂಗೆ ಹೋಂವರ್ಕ್ ಇದೆ," ಎಂದಳಂತೆ. ಮಲ್ಕಾಂತಿ ಅದು ಅರ್ಥವಾಗದೆ ಮಗಳನ್ನೇ ಬೈದಳು. ನಾನು ಕೊಟ್ಟಿಗೆಯ ಮಾತು ಹೇಳಿದ ಮೇಲೆ ತಲೆ ಮೇಲೆ ಕೈಹೊತ್ತು ಕೂತಳು.

ಪೊಡಿನೋನಾ ಇಳಿಯುತ್ತ ಬಂದಳು. ಅನ್ನ ಹೋಗಿ ಗಂಜಿಯಾಯಿತು, ಗಂಜಿ ಹೋಗಿ ಬೈನೆ ಬೆಲ್ಲ ಕಚ್ಚಿ ಒಂದೊಂದು ಗುಟುಕು ಚಹಾ ಆಯಿತು. ಅವಳ ಬಾಯಿ ಮಾತ್ರ ಇಳಿಯಲಿಲ್ಲ. ದಿನವೂ ಒಂದೇ ಮಾತು. "ಕೂಸನ್ನ ಕಳಿಸ್ರೇ. ಮುಟ್ಟಲ್ಲ ಬೇಕಾದ್ರೆ. ದೂರ ನಿಲ್ಸಿ."

ಕಾಯಿಲೆಯವರ ರಕ್ಷೆಗೆಂದು ಪಿರಿತ್ ಸೂತ್ರ ಓದಿಸಲು ವಿಹಾರದ ಹಿರಿಯ ಭಿಕ್ಷು, ದೊಡ್ಡ ಹಾಮುದುರುಗಳನ್ನು, ಕರೆದರು. ವಯಸ್ಸಾದವರು, ಮೊಣಕಾಲು ನೋವಿನಿಂದ ನಿಧಾನ ನಡೆಯುವವರು. ಪೊಡಿನೋನಾಳ ಶಾವಿಗೆಯನ್ನು ಎಷ್ಟೋ ವರ್ಷ ಬೆಳಗಿನ ದಾನವಾಗಿ ಉಂಡವರು. ಬಿಳಿ ನೂಲು ಹಿಡಿಸಿ, ಓದಿ ಮುಗಿಸಿ, ಆ ನೂಲನ್ನು ಮುದುಕಿಯ ಮುಂಗೈಗೆ ಕಟ್ಟಿಸುವಾಗ ಕೇಳಿದರು. "ಉಪಾಸಿಕಮ್ಮ, ಮನಸ್ಸಲ್ಲಿ ಏನಾದ್ರೂ ಇದೆಯಾ?"

"ಇದೆ ಹಾಮುದುರುಗಳೇ. ಮೊಮ್ಮಗಳನ್ನ ನೋಡ್ಬೇಕು. ಇವರು ಬಿಡ್ತಿಲ್ಲ. ನೋಡಿದ್ರೆ ಹಾವಾಗ್ತೀನಂತೆ."

ಹಾಮುದುರುಗಳು ಟೀಚರ ಕಡೆ ತಿರುಗಿದರು. ಟೀಚರ್ ಕೈಜೋಡಿಸಿಕೊಂಡೇ ನೆಲ ನೋಡಿದರು. "ಆಸೆ ಬಿಡಿಸ್ಬೇಕು ಅಂತ..."

"ಟೀಚರಮ್ಮ, ಬಿಡೋದು ಅಂದ್ರೆ ಕೈ ಬಿಚ್ಚೋದು. ಕೈಗೆ ಕೊಡದೇ ಇರೋದನ್ನ ಬಿಡು ಅಂದ್ರೆ ಹೇಗೆ ಬಿಡ್ತಾರೆ? ಮಗೂನ ಕರೀರಿ."

ಹಾಮುದುರುಗಳ ಮಾತಿಗೆ ಎದುರಿಲ್ಲ. ಟೀಚರ್ ತಾವೇ ಎದ್ದು ಪರದೆಯನ್ನು ಪಕ್ಕಕ್ಕೆ ಸರಿಸಿ ಕಟ್ಟಿದರು. ಗಂಜಿಯ ಹಸಿರು ಕಲೆ ಅದರಲ್ಲಿ ಇನ್ನೂ ಇತ್ತು. ಮಲ್ಕಾಂತಿ ಓಡಿಹೋಗಿ ಮಗಳ ತಲೆ ಬಾಚಿ, ಹಬ್ಬದ ಫ್ರಾಕು ತೊಡಿಸಿ, ಕೈಹಿಡಿದು ತಂದಳು. ನಾನು ಮುದುಕಿಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ಅವಳ ಮುಖದಲ್ಲಿ ಆ ಕ್ಷಣ ಕಾಯಿಲೆಯೇ ಇರಲಿಲ್ಲ. ಕೈ ಎತ್ತಿ, ಬೆರಳುಗಳನ್ನು ಕೆರೆಯುವ ಹಾಗೆ ಗಾಳಿಯಲ್ಲಿ ಆಡಿಸಿದಳು.

"ಬಾರೇ ಸೊಟ್ಟೀ. ಬೆನ್ನು ತಿರುಗ್ಸು."

ಸೆನುಲಿ ಬಾಗಿಲಲ್ಲೇ ನಿಂತಳು. ತಾಯಿಯ ಕೈ ಬಿಡಿಸಿಕೊಂಡು ತನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಕಣ್ಣು ಗೋಡೆಯ ಮೇಲಿತ್ತು. ಶಾಲೆಯಲ್ಲಿ ಪಾಠ ಒಪ್ಪಿಸುವ ಗಟ್ಟಿ ದನಿಯಲ್ಲಿ ಹೇಳಿದಳು.

"ನಾನು ನಿಮಗೆ ಯಾರೂ ಅಲ್ಲ."

"ಏನಂದೆ ಕೂಸೇ?"

"ಸೆನುಲಿ ಅಂತ ಯಾರೂ ಇಲ್ಲ. ಕೂದಲು, ರೋಮ, ಉಗುರು, ಹಲ್ಲು, ಚರ್ಮ. ಅಷ್ಟೇ. ನನ್ನ ಮೇಲೆ ಆಸೆ ಇಟ್ಕೋಬೇಡಿ. ನಂಗೆ ನಿಮ್ಮ ಮೇಲೆ ಆಸೆ ಇಲ್ಲ. ನಂಗೆ ನೀವು ಬೇಡ."

ಇಷ್ಟು ಹೇಳಿ ತಿರುಗಿ ಓಡಿದಳು. ಹುಟ್ಟಿದಾಗಿನಿಂದ ಅಜ್ಜಿಯನ್ನು ನೀನು ಎಂದವಳು, ಮೊದಲ ಸಲ ನೀವು ಎಂದಿದ್ದಳು. ಹಾಮುದುರುಗಳು ಕಣ್ಣು ಮುಚ್ಚಿಕೊಂಡರು. ಮುದುಕಿಯ ಕೈ ಎತ್ತಿದಲ್ಲೇ ಸ್ವಲ್ಪ ಹೊತ್ತು ನಿಂತಿತ್ತು, ಆಮೇಲೆ ನಾನೇ ಹಿಡಿದು ಕೆಳಗಿಳಿಸಿದೆ.

ಮಲ್ಕಾಂತಿ ಹಾಸಿಗೆಯ ಪಕ್ಕ ಕುಸಿದು ಅತ್ತಳು. "ಅತ್ತೆ, ಹೆದರಿ ಹಾಗಂದ್ಲು. ನಿಮಗೋಸ್ಕರಾನೇ ಹಾಗಂದ್ಲು. ಹೇಳಿಕೊಟ್ಟಿದಾರೆ ಅತ್ತೆ."

ಪೊಡಿನೋನಾ ಅದನ್ನು ಕೇಳಿಸಿಕೊಂಡಳೋ ಇಲ್ಲವೋ ನನಗೆ ಗೊತ್ತಿಲ್ಲ. ಗೋಡೆಯ ಕಡೆ ಮಗ್ಗುಲಾದಳು. "ಪರದೆ ಎಳೀರಿ," ಎಂದಳು. ಅದೇ ಅವಳ ಕೊನೆಯ ಮಾತು.

ಹಿತ್ತಲಲ್ಲಿ ಹುಡುಕಿದರೆ ಸೆನುಲಿ ಸೌದೆಯ ಹಿಂದೆ ಹಬ್ಬದ ಫ್ರಾಕಿನ ಅಂಚನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಮೈ ಬೆಂಕಿಯಾಗಿತ್ತು. ನನ್ನನ್ನು ನೋಡಿ ಬಟ್ಟೆ ತೆಗೆದು ಕೇಳಿದಳು.

"ಕುಸುಮಾ ಆಂಟಿ, ಈಗ ಅಚ್ಚಿನ ಯಾರೂ ಕಡಿಯಲ್ಲ ಅಲ್ವಾ?"

"ಬಾ ಪುಟ್ಟಾ, ಒಂದ್ಸಲ ಒಳಗೆ ಹೋಗಿ..."

"ಇಲ್ಲ. ಹೋದ್ರೆ ಮತ್ತೆ ಆಸೆ ಬರುತ್ತೆ," ಎಂದು ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಬಿಡಿಸಿ ಒಳಗೆ ತರಲು ಕರುಣಾಸೇನನೇ ಬರಬೇಕಾಯಿತು. ಜ್ವರ ಬಿಡುವಷ್ಟರಲ್ಲಿ ಅಜ್ಜಿ ಹೋಗಿದ್ದಳು.

ಬಂದ ನೆಂಟರಿಗೆಲ್ಲ ಯಸವತಿ ಟೀಚರ್ ಹೇಳಿದರು. "ಎಂಥಾ ಸಾವು ಅಂತೀರ. ಕೊನೇಲಿ ಅಮ್ಮ ಏನೂ ಕೇಳ್ಲಿಲ್ಲ, ಯಾರನ್ನೂ ಕರೀಲಿಲ್ಲ. ತಾನೇ ಪರದೆ ಎಳೀರಿ ಅಂದ್ಲು." ಹೆಂಗಸರು ಸಾಧು ಸಾಧು ಎಂದರು. ಅವರೂ ಬಿಳಿ ಬಟ್ಟೆಯಲ್ಲಿದ್ದರು, ನಾನೂ ಬಿಳಿ ಬಟ್ಟೆಯಲ್ಲಿದ್ದೆ. ಏಳನೇ ದಿನ ಜೀಗುಜ್ಜೆ ಪಲ್ಯ ನಾನೇ ಮಾಡಿದೆ. ಅದಕ್ಕೆ ಉಪ್ಪು ಸರಿಯಾಗಿತ್ತೋ ಇಲ್ಲವೋ ಹೇಳುವವರಿರಲಿಲ್ಲ.

ಆಮೇಲೆ ಆ ಮನೆಯಲ್ಲಿ ಶಾವಿಗೆ ಒತ್ತುವ ಕೆಲಸ ಮಲ್ಕಾಂತಿಗೆ ಬಂತು. ದಾನ ಕೊಟ್ಟ ಮಣೆಗೆ ಬದಲು ಹೊಸದನ್ನು ತಂದಿದ್ದರು. ಸೆನುಲಿ ಮೊದಲಿನಂತೆ ಎದ್ದು ತಟ್ಟೆ ಜೋಡಿಸುವಳು. ಈಗ ಒಂದೂ ಸೊಟ್ಟ ಇರುತ್ತಿರಲಿಲ್ಲ. ಶಾಲೆಗೆ ಹೊರಡುವ ಮೊದಲು ಒಂದು ಬಿಸಿ ಶಾವಿಗೆಯನ್ನು ಬಾಳೆಲೆ ಚೂರಿನ ಮೇಲಿಟ್ಟುಕೊಂಡು ಹಿತ್ತಲಿಗೆ ಹೋಗಿ, ಕೊಟ್ಟಿಗೆಯ ಸೌದೆಯ ಸಂದಿಗೆ ಇಡುವಳು. ಮೊಣಕಾಲೂರಿ ಬಗ್ಗಿ ಕತ್ತಲೊಳಗೆ ನೋಡುವಳು. ಬಾವಿಕಟ್ಟೆಯಿಂದ ನನಗೆ ಅವಳ ಪಿಸುಮಾತು ಕೇಳಿಸುತ್ತಿತ್ತು. "ಕತ್ತಿ ಅಡಗಿಸಿಟ್ಟಿದೀನಿ. ಬಾ." ಹೌದು, ಆ ಮನೆಯ ಕಾಯಿ ಸುಲಿಯುವ ಕತ್ತಿ ಕಾಣದೆ ಮಲ್ಕಾಂತಿ ನಮ್ಮನೆಯದನ್ನು ಒಯ್ಯುತ್ತಿದ್ದಳು.

ಸಂಜೆ ಬಂದು ನೋಡಿದರೆ ಶಾವಿಗೆ ಒಣಗಿ ಮುರುಟಿರುತ್ತಿತ್ತು, ಇಲ್ಲವೇ ಇರುವೆ ಮುತ್ತಿರುತ್ತಿತ್ತು. ಹಾವು ಬರಲಿಲ್ಲ. ನಾಯಿಯೂ ಬರಲಿಲ್ಲ. ಮಾಡಿನ ಹಲ್ಲಿಯೂ ಆ ಕಡೆ ಸುಳಿಯಲಿಲ್ಲ.

ಮೂರು ತಿಂಗಳ ದಾನ ಮುಗಿದ ಮಾರನೆಯ ಬೆಳಿಗ್ಗೆ ಟೀಚರ್ ಹೂ ಕೊಯ್ಯಲು ಹಿತ್ತಲಿಗೆ ಬಂದರು. ಅಪ್ಪನ ಹಾವು ಬಂದಿದ್ದು ಮೂರು ತಿಂಗಳೊಳಗೆ. ಆ ಗಡುವು ದಾಟಿತ್ತು. ಅಂಥ ಹಗುರ ಮುಖವನ್ನು ನಾನು ಅವರಲ್ಲಿ ಕಂಡದ್ದೇ ಇಲ್ಲ. ಸೌದೆಯ ಮುಂದೆ ಮೊಣಕಾಲೂರಿದ್ದ ಮಗುವನ್ನು ನೋಡಿ ಪಕ್ಕದಲ್ಲಿ ಕೂತರು.

"ಏನು ನೋಡ್ತಿದೀಯಾ?"

"ಅಚ್ಚಿ ಬಂದಿದಾಳಾ ಅಂತ."

"ಬರಲ್ಲ ಪುಟ್ಟಾ. ಇನ್ನು ಬರಲ್ಲ. ಅಚ್ಚಿ ಗೆದ್ದಳು."

"ಯಾಕೆ ಬರಲ್ಲ?"

"ಬರೋಷ್ಟು ಆಸೆ ಅಚ್ಚಿಗೆ ಇರ್ಲಿಲ್ಲ ಅಂತ ಅರ್ಥ. ಎಲ್ಲ ಬಿಟ್ಟುಬಿಟ್ಳು. ಒಳ್ಳೇದಲ್ವಾ?"

ಮಗು ಎಲೆಯ ಅಂಚನ್ನು ಮಡಚಿತು, ಬಿಡಿಸಿತು. "ಸೀಯಾಗೆ ಸೌದೆ ಮೇಲೆ ಎಷ್ಟು ಆಸೆ ಇತ್ತೋ, ಅಷ್ಟು ಅಚ್ಚಿಗೆ ನನ್ನ ಮೇಲೆ ಇರ್ಲಿಲ್ವಾ?"

ಟೀಚರ್ ಬಾಯಿ ತೆರೆದರು. ಇತ್ತು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಬಿಂದಿಗೆಯ ಹಗ್ಗ ಹಿಡಿದುಕೊಂಡು, ಹೇಳು, ಹೇಳು ಎಂದು ಮನಸ್ಸಿನಲ್ಲೇ ಅವರನ್ನು ತಿವಿಯುತ್ತಿದ್ದೆ. ಆದರೆ ಇತ್ತು ಎಂದರೆ ತಾಯಿ ಎಲ್ಲೋ ತೆವಳುತ್ತಿದ್ದಾಳೆ ಎಂದು ಒಪ್ಪಿಕೊಂಡಂತೆ. ಅವರು ಮಗುವಿನ ಮುಖ ನೋಡಿದರು, ಸೌದೆಯ ಸಂದಿಯನ್ನು ನೋಡಿದರು. ಕೊನೆಗೆ ತಾಯಿಯನ್ನೇ ಆರಿಸಿಕೊಂಡರು.

"ಇರ್ಲಿಲ್ಲ," ಎಂದರು.

ಸೆನುಲಿ ತಲೆಯಾಡಿಸಿದಳು. ಎದ್ದು ಮೊಣಕಾಲಿನ ಮಣ್ಣು ಝಾಡಿಸಿಕೊಂಡಳು. ಶಾವಿಗೆಯನ್ನು ಕಾಗೆಗಳ ಕಡೆ ಎಸೆದು, ಸೌದೆಯ ಅಡಿಯಿಂದ ಕತ್ತಿಯನ್ನು ಎಳೆದು ತೆಗೆದು, ಅಡಿಗೆಮನೆಗೆ ಒಯ್ದು ಅಮ್ಮನ ಕೈಗೆ ಕೊಟ್ಟಳು.